ಐರಿಷ್ ಕುಣಿತಕ್ಕೆ ಪರೀಕ್ಷೆ ಬಂದ ಬಗೆ

ಕುಣಿಯಲು ಬರುವವನಿಗೆ ಪ್ರಮಾಣಪತ್ರವೇಕೆ ಎಂದು ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಹದಿನೆಂಟನೆಯ ಶತಮಾನದ ಐರಿಷ್ ರೈತನಿಗಂತೂ ಈ ಪ್ರಶ್ನೆಯೇ ವಿಚಿತ್ರವೆನಿಸುತ್ತಿತ್ತು. ಅದೇ ರೈತನ ವಂಶದ ಮಕ್ಕಳು ಇಂದು, ಡಬ್ಲಿನ್ನಿನಲ್ಲಿರಲಿ, ಬಾಸ್ಟನ್ನಿನಲ್ಲಿರಲಿ, ಮೆಲ್ಬರ್ನಿನಲ್ಲಿರಲಿ, ಶಾಲೆಯ ಪಾಠದಂತೆ ದರ್ಜೆ ದರ್ಜೆಯಾಗಿ ಕುಣಿತದ ಪರೀಕ್ಷೆಗೆ ಕೂರುತ್ತಾರೆ. ಕೂರುತ್ತಾರೆ ಎಂದೆ, ನಿಲ್ಲುತ್ತಾರೆ ಎನ್ನಬೇಕು.

ಇಂಗ್ಲೆಂಡಿನ ಕೃಷಿತಜ್ಞ ಆರ್ಥರ್ ಯಂಗ್ 1776ರಲ್ಲಿ ಐರ್ಲೆಂಡನ್ನು ಸುತ್ತಲು ಹೊರಟ. ಬಡವರ ಗುಡಿಸಲುಗಳಲ್ಲೆಲ್ಲ ಕುಣಿತವಿತ್ತೆಂದು ಅವನು ಬರೆದಿಟ್ಟಿದ್ದಾನೆ. ಕುಣಿತದ ಮೇಷ್ಟ್ರು ಜೊತೆಯಲ್ಲೊಬ್ಬ ಕೊಳವೆವಾದ್ಯದವನನ್ನೊ ಕುರುಡ ಪಿಟೀಲುಗಾರನನ್ನೊ ಕರೆದುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದನಂತೆ. ಸಂಬಳ ಮೂರು ತಿಂಗಳಿಗೆ ಆರು ಪೆನ್ಸ್. ಮೇಷ್ಟ್ರೂ ಆ ಬಡವರ ಅಂತಸ್ತಿನವನೇ. ಎಡಗಾಲು ಬಲಗಾಲು ತಿಳಿಯದ ಹುಡುಗರಿಗೆ ಒಂದು ಕಾಲಿಗೆ ಒಣಹುಲ್ಲು, ಇನ್ನೊಂದಕ್ಕೆ ಗೋಧಿಯ ಹುಲ್ಲು ಕಟ್ಟಿ, ಹುಲ್ಲಿನ ಹೆಸರು ಕೂಗಿ ಹೆಜ್ಜೆ ಹಾಕಿಸುತ್ತಿದ್ದರೆಂದು ಹಳಬರು ಹೇಳುತ್ತ ಬಂದಿದ್ದಾರೆ. ನೆಲ ಮಣ್ಣಿನದಾದರೆ ಮನೆಯ ಬಾಗಿಲನ್ನೇ ಕಿತ್ತು ಹಾಸುವುದು. ಜಾಣ ಶಿಷ್ಯ ಅದರ ಮೇಲೆ ಒಬ್ಬನೇ ಕುಣಿದು ತೋರಿಸುವುದು. ಅಂದಿನ ಪರೀಕ್ಷೆ ಅದೇ. ನೆರೆದ ಜನವೇ ಪರೀಕ್ಷಕರು. (ಐರಿಷರು ಕುಣಿಯುವಾಗ ತೋಳನ್ನು ಏಕೆ ಅಲ್ಲಾಡಿಸುವುದಿಲ್ಲವೆಂದು ಕೇಳುವವರುಂಟು. ಪಾದ್ರಿಗಳ ಭಯ, ಇಕ್ಕಟ್ಟಾದ ಜಾಗ ಎಂದು ನಾನಾ ಕಥೆಗಳಿವೆ. ಕಥೆಗಳು ಹೆಚ್ಚು, ದಾಖಲೆ ಕಡಿಮೆ.)

1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಸ್ಥಾಪಿಸಿದರು. ಅವರ ಮುಖ್ಯ ಚಿಂತೆ ಸಾಯುತ್ತಿದ್ದ ಭಾಷೆ. ಆದರೆ ವ್ಯಾಕರಣದ ತರಗತಿಗೆ ಜನರನ್ನು ಎಳೆಯುವುದು ಸುಲಭವೆ? ಕುಣಿತವಿದ್ದರೆ ಯುವಕರು ಬರುತ್ತಾರೆ. ಲಂಡನ್ನಿನಲ್ಲಿದ್ದ ಲೀಗಿನವರು 1897ರ ಅಕ್ಟೋಬರಿನಲ್ಲಿ ಬ್ಲೂಮ್ಸ್‌ಬರಿ ಸಭಾಂಗಣದಲ್ಲಿ ಮೊಟ್ಟಮೊದಲ ‘ಕೇಲಿ’ ಏರ್ಪಡಿಸಿದರು. ಕೇಲಿ ಎಂದರೆ ಅವರ ಭಾಷೆಯಲ್ಲಿ ನೆರೆಹೊರೆಯವರು ಸಂಜೆ ಸೇರುವುದು. ನಮ್ಮ ‘ಕೇಳಿ’ಗೂ ಇದಕ್ಕೂ ಇರುವುದು ಧ್ವನಿಸಾಮ್ಯ ಮಾತ್ರ. ಸಭೆಗೆ ಬೇಕಾದ ಗುಂಪುಕುಣಿತಗಳನ್ನು ಅವರಿಗೆ ಕಲಿಸಿದವನು ಕೆರಿ ಪ್ರಾಂತದಿಂದ ಲಂಡನ್ನಿಗೆ ಬಂದಿದ್ದ ಪ್ಯಾಟ್ರಿಕ್ ರೀಡಿ ಎಂಬ ಹಳೆಯ ಕಾಲದ ಮೇಷ್ಟ್ರು. 1902ರಲ್ಲಿ ಓಕೀಫ್ ಮತ್ತು ಓಬ್ರಯನ್ ಎಂಬಿಬ್ಬರು ಈ ಕುಣಿತಗಳ ಕೈಪಿಡಿಯನ್ನೂ ಅಚ್ಚುಮಾಡಿದರು. ಕಾಲಿನಲ್ಲಿದ್ದ ವಿದ್ಯೆ ಕಾಗದಕ್ಕೆ ಇಳಿಯತೊಡಗಿತು.

ಅಲ್ಲಿಂದ ಜಗಳವೂ ಮೊದಲಾಯಿತು. ಯಾವುದು ಐರಿಷ್, ಯಾವುದು ಪರಕೀಯ? ಹಳ್ಳಿಗಳಲ್ಲಿ ಆಗಲೇ ಬೇರೂರಿದ್ದ ಕ್ವಾಡ್ರಿಲ್ ಜಾತಿಯ ಚೌಕಕುಣಿತಗಳು ಫ್ರಾನ್ಸಿನಿಂದ ಬಂದವೆಂದು ಲೀಗು ಅವನ್ನು ಬಹಿಷ್ಕರಿಸಿತು. ಅವುಗಳ ಬದಲಿಗೆ ಪ್ರಚಾರಕ್ಕೆ ತಂದ ‘ಲಿಮೆರಿಕ್ಕಿನ ಗೋಡೆಗಳು’ ಎಂಬಂಥ ಕುಣಿತಗಳೋ ಲೀಗಿನ ಕಾಲದಲ್ಲೇ ಹೊಸದಾಗಿ ಕಟ್ಟಿದವು! ಸ್ವದೇಶಿಯ ಉತ್ಸಾಹದಲ್ಲಿ ಇಂಥ ತಮಾಷೆಗಳು ಎಲ್ಲ ದೇಶಗಳಲ್ಲೂ ನಡೆಯುತ್ತವೆ. ಆದರೆ ತಲೆಮಾರುಗಳಿಂದ ಕುಣಿದದ್ದು ತನ್ನದಲ್ಲವೆಂದು ಪಟ್ಟಣದ ವಿದ್ಯಾವಂತನಿಂದ ಕೇಳಿಸಿಕೊಂಡ ಹಳ್ಳಿಗನಿಗೆ ಅದು ತಮಾಷೆಯಾಗಿರಲಾರದು.

ಸುಮಾರು 1930ರ ಹೊತ್ತಿಗೆ ಲೀಗಿನ ಆಶ್ರಯದಲ್ಲಿ ಗೇಲಿಕ್ ನೃತ್ಯಗಳ ಆಯೋಗ ರೂಪುಗೊಂಡಿತು. 1935ರ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆ ಕುಣಿತಕ್ಕೆ ಪರವಾನಗಿ ಬೇಕೆಂದಿತು. ಮನೆಯ ಅಡಿಗೆಕೋಣೆಯ ಕುಣಿತಗಳ ಮೇಲೂ ಅದರ ಏಟು ಬಿತ್ತು. ಉಳಿದದ್ದು ತರಗತಿ, ಸಭಾಂಗಣ, ‘ಫೆಶ್’ ಎಂಬ ಸ್ಪರ್ಧೆ. ಆಯೋಗ 1939ರಲ್ಲಿ ಗುಂಪುಕುಣಿತಗಳ ಮೊದಲ ಪುಸ್ತಕ ಹೊರತಂದಿತು. ಮುಂದೆ ಆ ಸಂಖ್ಯೆ 30ಕ್ಕೆ ಏರಿತು. ನಾಲ್ವತ್ತರ ದಶಕದಲ್ಲಿ ಶಿಕ್ಷಕರಿಗೂ ತೀರ್ಪುಗಾರರಿಗೂ ಪರೀಕ್ಷೆ ಬಂತು. ಇದಕ್ಕೆ ಕಾರಣ ಅಧಿಕಾರದಾಹವೊಂದೇ ಅಲ್ಲ. ವಲಸೆ ಹೋದವರ ಮಕ್ಕಳಿಗೆ ಸಾಗರದಾಚೆ ಕಲಿಸುವವನಿಗೆ ನಿಜವಾಗಿ ವಿದ್ಯೆ ಬರುತ್ತದೆಯೆ ಎಂದು ತಾಯಿತಂದೆಗಳು ತಿಳಿಯುವುದಾದರೂ ಹೇಗೆ?

ಮಕ್ಕಳ ದರ್ಜೆಪರೀಕ್ಷೆ ಈ ಮರದ ಇನ್ನೊಂದು ಕೊಂಬೆ. ಮೊದಲು ಪ್ರವೇಶದರ್ಜೆ, ಆಮೇಲೆ 12 ಮೆಟ್ಟಿಲು. ಆರಂಭದಲ್ಲಿ ಮೆತ್ತನೆಯ ಪಾದರಕ್ಷೆಯ ರೀಲ್, ಹಗುರ ಜಿಗ್, ಒಂಬತ್ತೆಣಿಕೆಯ ಸ್ಲಿಪ್ ಜಿಗ್. ಮುಂದೆ ಸದ್ದು ಮಾಡುವ ಗಟ್ಟಿ ಬೂಟಿನ ಹಾರ್ನ್‌ಪೈಪ್, ‘ಕಪ್ಪುಹಕ್ಕಿ’ ಮೊದಲಾದ ಹಳೆಯ ಕಟ್ಟುಕುಣಿತಗಳು. ಮೇಲಿನ ದರ್ಜೆಗಳಲ್ಲಿ ಗುಂಪುಕುಣಿತದ ಜ್ಞಾನವೂ ಬೇಕು. ಸ್ಪರ್ಧೆಗೂ ಇದಕ್ಕೂ ಇರುವ ಅಂತರ ದೊಡ್ಡದು. ಸ್ಪರ್ಧೆಯಲ್ಲಿ ಒಬ್ಬಳು ಗೆದ್ದರೆ ಹಲವರು ಸೋಲಬೇಕು. ಪರೀಕ್ಷೆಯಲ್ಲಿ ಹುಡುಗಿಯನ್ನು ಅಳೆಯುವುದು ಪಠ್ಯಕ್ರಮದೊಡನೆ, ಪಕ್ಕದವಳೊಡನೆ ಅಲ್ಲ. ಗುಂಗುರು ಕೂದಲಿನ ಟೋಪನ್ನು ಇಲ್ಲಿ ಯಾರೂ ಕೇಳುವುದಿಲ್ಲ. 2022ರಲ್ಲಿ ಸ್ಪರ್ಧೆಗಳ ಫಲಿತಾಂಶ ಮೊದಲೇ ಹೊಂದಿಸಿಕೊಳ್ಳಲಾಗುತ್ತಿದೆಯೆಂಬ ಆರೋಪ ಎದ್ದು, ಆಯೋಗವು ನಿವೃತ್ತ ನ್ಯಾಯಾಧೀಶರೊಬ್ಬರನ್ನು ಕರೆಯಬೇಕಾಯಿತು. ಆ ಗದ್ದಲವನ್ನು ನೆನೆದರೆ ಸದ್ದಿಲ್ಲದ ಈ ಪರೀಕ್ಷೆಯೇ ಮೇಲೆಂದು ನನಗೆ ತೋರುತ್ತದೆ.

ಹನ್ನೆರಡನ್ನೂ ಏರಿದವರಿಗೆ ಶಿಕ್ಷಕರ ಪರೀಕ್ಷೆಯ ಬಾಗಿಲು ತೆರೆಯುತ್ತದೆ. 30 ಗುಂಪುಕುಣಿತಗಳ ಮೇಲೆ ಬರವಣಿಗೆಯ ಪ್ರಶ್ನೆ, ಸಂಗೀತದ ಪ್ರಶ್ನೆ, ತಾನೇ ಕುಣಿದು ತೋರಿಸುವುದು. ಕೊನೆಗೆ ಪರೀಕ್ಷಕರ ಎದುರಿನಲ್ಲೇ ನರ್ತಕರಿಗೆ ಪಾಠ ಹೇಳಿಕೊಡುವುದು. ಈ ಕೊನೆಯದೊಂದನ್ನು ಮಾತ್ರ ಉರುಹೊಡೆದು ದಾಟಲಾಗದು. 1969ರಲ್ಲಿ ಭಿನ್ನಮತವಾಗಿ ಕೆಲವು ಶಿಕ್ಷಕರು ಬೇರೆ ಸಂಸ್ಥೆ ಕಟ್ಟಿದರು. ಅಲ್ಲಿಯೂ ಪರೀಕ್ಷೆ ಬಿಡಲಿಲ್ಲ. 1994ರಲ್ಲಿ ಡಬ್ಲಿನ್ನಿನ ಯೂರೋವಿಷನ್ ವೇದಿಕೆಯಲ್ಲಿ ‘ರಿವರ್‌ಡಾನ್ಸ್’ ಕೆಲವೇ ನಿಮಿಷ ಕಾಣಿಸಿಕೊಂಡ ಮೇಲಂತೂ ಐರಿಷ್ ರಕ್ತದ ಹನಿಯೂ ಇಲ್ಲದ ಮಕ್ಕಳು ತರಗತಿಗೆ ಬಂದರು.

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು. ಆಯೋಗದ ಮಾದರಿಯಾದದ್ದು ಬಹುಪಾಲು ದಕ್ಷಿಣದ ಮನ್ಸ್ಟರ್ ಪ್ರಾಂತದ ಶೈಲಿ. ಪಶ್ಚಿಮದ ಕಾನಿಮಾರದಲ್ಲಿ, ಭಾಷೆ ಇನ್ನೂ ಮನೆಮಾತಾಗಿದ್ದ ಊರುಗಳಲ್ಲೇ, ಬೇರೊಂದು ಕುಣಿತವಿತ್ತು: ಪಾದ ನೆಲಕ್ಕೆ ಹತ್ತಿರ, ತೋಳು ಸಡಿಲ, ಹೆಜ್ಜೆ ಆ ಗಳಿಗೆಗೆ ತೋಚಿದ್ದು. ಯಾವ ಭಾಷೆಗಾಗಿ ಲೀಗು ಹುಟ್ಟಿತೋ ಅದನ್ನಾಡುವವರ ಕುಣಿತಕ್ಕೇ ಪಠ್ಯಕ್ರಮದಲ್ಲಿ ಜಾಗ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜನ ಮತ್ತೆ ಅತ್ತ ತಿರುಗಿದರು. ಲೀಗು 1897ರಲ್ಲಿ ಆರಂಭಿಸಿದ ಭಾಷೋತ್ಸವದಲ್ಲೇ ಈಗ ಅದಕ್ಕೂ ಸ್ಪರ್ಧೆ ನಡೆಯುತ್ತದೆ. ಕುಣಿಯುವವನು ತೋಳನ್ನು ಬೀಸಿದರೆ ಅಲ್ಲಿ ಯಾರೂ ಅಂಕ ಕಳೆಯುವುದಿಲ್ಲ.