ವಾಟ್ನಿಯಲ್ಲಿ ಮಗಳ ಪಾಲು: ಗಡಿಸೀಮೆಯ ತೀರ್ಪುಗಳು ನಡೆದ ಹಾದಿ

ಉಗಾರ ಬುದ್ರುಕದಂಥ ಕೃಷ್ಣಾ ತೀರದ ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆ, ದಿನಕರ್ಮ ಮುಗಿದ ಮೇಲೆ ಮನೆಯಲ್ಲಿ ಎರಡು ಕಾಗದಗಳ ಮಾತು ಏಳುತ್ತದೆ: ವಾರಸಾ ವರ್ದಿ (ವಾರಸುದಾರರ ಹೆಸರು ಏರಿಸುವ ಅರ್ಜಿ) ಮತ್ತು ವಾಟ್ನಿ (ಆಸ್ತಿ ಹಂಚಿಕೆ). ಜಮೀನಿನ ಉತಾರದಲ್ಲಿ ಯಾರ ಹೆಸರು ಏರಬೇಕು, ಕಬ್ಬಿನ ಹೊಲದಲ್ಲಿ ಯಾರಿಗೆ ಎಷ್ಟು ಗುಂಟೆ? ಇದಕ್ಕೆ ಕಾನೂನು ಕೊಟ್ಟ ಉತ್ತರ ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಆ ಬದಲಾವಣೆಗೆ ಕಾರಣವಾದ ದಾವೆಗಳಲ್ಲಿ ಕೆಲವು ಹೊರಟದ್ದು ಇದೇ ಸಾಂಗಲಿ, ಬೆಳಗಾವಿ, ವಿಜಯಪುರ ಸೀಮೆಯ ಮನೆಗಳಿಂದ. ಅವನ್ನು ಸಾಲಾಗಿ ಓದಿದರೆ, ಹೆಣ್ಣಿನ ಪಾಲು ಎಷ್ಟೋ ಕಾಲ ಯಾವುದೋ ಒಂದು ತಾರೀಖಿಗೆ ಜೋತುಬಿದ್ದಿತ್ತು ಎಂಬುದು ತಿಳಿಯುತ್ತದೆ.

ಮೂಲ ಸೂತ್ರವೂ ಕನ್ನಡ ನೆಲದ್ದೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’, ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಆದರೆ ಆ ಹುಟ್ಟಿನ ಲೆಕ್ಕಕ್ಕೆ ಬಂದವರು ಗಂಡುಮಕ್ಕಳು ಮಾತ್ರ. ವಂಶಪಾರಂಪರ್ಯದ ಊರುಗೆಲಸಕ್ಕೆ ಸಿಕ್ಕ ವತನದ ಜಮೀನುಗಳಲ್ಲಿ ಕಟ್ಟು ಇನ್ನೂ ಬಿಗಿ. 1886ರ ಮುಂಬಯಿ ಕಾಯಿದೆ, ಕೊನೆಯ ವತನದಾರನ ವಿಧವೆಯನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳನ್ನು ವತನದ ಮನೆತನದ ಗಂಡಸರ ಹಿಂದಕ್ಕೆ ಸರಿಸಿತು. 1933ರಲ್ಲಿ ಮೈಸೂರು ಸಂಸ್ಥಾನ ಸ್ತ್ರೀಯರ ಆಸ್ತಿಹಕ್ಕಿಗೆ ಕಾಯಿದೆ ಮಾಡಿದರೂ ಮುಂಬಯಿ ಪ್ರಾಂತದ ಬೆಳಗಾವಿಗೆ ಅದು ತಾಗಲಿಲ್ಲ. 1937ರ ಕೇಂದ್ರ ಕಾಯಿದೆ ವಿಧವೆಗೆ ಗಂಡನ ಪಾಲನ್ನು ಕೊಟ್ಟಿತು, ಅದೂ ಅವಳು ಬದುಕಿರುವ ತನಕ ಮಾತ್ರ.

ಇಂಥ ಹೊತ್ತಿನಲ್ಲಿ ವಿಧವೆಯ ಕೈಯಲ್ಲಿದ್ದ ದೊಡ್ಡ ಅಸ್ತ್ರ ದತ್ತಕ. ವಿಜಯಪುರ ಜಿಲ್ಲೆಯ ಕಾಂಗೋ ಮನೆತನದಲ್ಲಿ ಗಂಡ ತೀರಿದ್ದು 1897ರಲ್ಲಿ, ಹೆಂಡತಿ ದತ್ತು ತೆಗೆದುಕೊಂಡದ್ದು 1944ರಲ್ಲಿ. ದತ್ತಕ ಗಂಡ ಸತ್ತ ದಿನಕ್ಕೇ ಹಿಂದಕ್ಕೆ ಹೋಗಿ ನಿಲ್ಲುತ್ತದೆ, ಆದರೆ ನಡುವೆ ದಾಯಾದಿಗಳ ಕಡೆಯಿಂದ ಇನ್ನೊಬ್ಬರಿಗೆ ಇಳಿದ ಆಸ್ತಿಯನ್ನು ಅದು ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. 1956ರ ದತ್ತಕ ಕಾಯಿದೆ ಬಂದ ಮೇಲೆ, ಒಮ್ಮೆ ಇನ್ನೊಬ್ಬರಿಗೆ ಸೇರಿದ ಆಸ್ತಿಯನ್ನು ದತ್ತಕ ಮುಟ್ಟುವಂತೆಯೇ ಇಲ್ಲವಾಯಿತು.

ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದದ್ದು 17 ಜೂನ್ 1956ರಂದು. ಅದರ ಲೆಕ್ಕ ಹೇಗೆಂಬುದನ್ನು ಸಾಂಗಲಿ ಕೋರ್ಟಿನಲ್ಲಿ ಹುಟ್ಟಿದ ಮಗದುಮ್ ದಾವೆ ತೋರಿಸುತ್ತದೆ. 1960ರಲ್ಲಿ ಯಜಮಾನ ತೀರಿಕೊಂಡಾಗ ಹಿಂದೆ ಉಳಿದವರು ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಸಾವಿಗೆ ತುಸು ಮುಂಚೆ ವಾಟ್ನಿ ಆಗಿತ್ತೆಂದು ಊಹಿಸಿದರೆ ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳಿಗೆ ತಲಾ 1/4. ಗಂಡನ 1/4ನ್ನು ಆರು ವಾರಸುದಾರರಿಗೆ ಹಂಚಿದರೆ ತಲಾ 1/24. ಕೆಳಗಿನ ಕೋರ್ಟು ಹೀರಾಬಾಯಿಗೆ ಕೊಟ್ಟದ್ದು ಈ 1/24 ಮಾತ್ರ. ಊಹೆಯ ವಾಟ್ನಿಯನ್ನು ಕೊನೆಯ ತನಕ ನಿಜವೆಂದೇ ಹಿಡಿಯಬೇಕು ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಅವರ ಸ್ವಂತ 1/4ನ್ನೂ ಕೂಡಿಸಿ 7/24 ಪಾಲನ್ನು ಎತ್ತಿಹಿಡಿಯಿತು. ಗಂಡುಮಕ್ಕಳಿಗೂ ತಲಾ 7/24. ಹೆಣ್ಣುಮಕ್ಕಳಿಗೆ ಮಾತ್ರ 1/24. ತಾಯಿ ಗೆದ್ದಳು, ಮಗಳ ಪಾಲು ಇದ್ದಲ್ಲೇ ಉಳಿಯಿತು.

ಆ ಅಂತರ ತುಂಬಲು ಕರ್ನಾಟಕ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದ ಹಕ್ಕುದಾರಳಾಗಿಸಿತು. ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಈ ಹಕ್ಕು ಇರಲಿಲ್ಲ. ನದಿಯಾಚೆಯ ಮಹಾರಾಷ್ಟ್ರವೂ ಅದೇ ವರ್ಷ ಇಂಥದೇ ತಿದ್ದುಪಡಿ ತಂದು ಇದೇ ಗೆರೆ ಎಳೆಯಿತು. ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ಸ್ಥಿತಿ ಅನೇಕ ಮನೆಗಳಲ್ಲಿ ಬಂತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಗೆರೆ ಅಳಿಸಿತು, ಆದರೆ ಹೊಸದೊಂದು ತಕರಾರು ಎದ್ದಿತು. ಅಪ್ಪ ಆ ದಿನ ಬದುಕಿರಬೇಕೇ?

ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ಫೂಲವತಿ ದಾವೆಯಲ್ಲಿ ತಂದೆ ತೀರಿದ್ದು 1988ರಲ್ಲಿ. ಹೌದು, ಬದುಕಿರಲೇಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿದ್ದರೂ 2018ರಲ್ಲಿ ಹೆಣ್ಣುಮಕ್ಕಳಿಗೆ ತಲಾ 1/5 ಸಿಕ್ಕಿತು. ಈ ಎರಡು ತೀರ್ಪುಗಳ ಗೊಂದಲಕ್ಕೆ ತೆರೆ ಎಳೆದದ್ದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು. ಹಕ್ಕು ಹುಟ್ಟಿನದು, ಅಪ್ಪ ಎಂದು ಸತ್ತ ಎಂಬುದು ಲೆಕ್ಕಕ್ಕಿಲ್ಲ. ಕಲ್ಯಾಣದ ಸೂತ್ರ ಮಗಳನ್ನು ಮುಟ್ಟಲು ಸುಮಾರು ಒಂಬತ್ತು ಶತಮಾನ ಹಿಡಿಯಿತು.

ಈಗಿನ ಜಗಳ ಪುರಾವೆಯದು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದಾದ ವಾಟ್ನಿಗೆ ಧಕ್ಕೆಯಿಲ್ಲ. ಬಾಯಿಮಾತಿನ ವಾಟ್ನಿಗೆ ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲ ಬೇಕು. ಅಪ್ಪನ ಸ್ವಯಾರ್ಜಿತವಾದರೆ ಮೃತ್ಯುಪತ್ರ ಬರೆದು ಯಾರಿಗೆ ಬೇಕಾದರೂ ಕೊಡಬಹುದು, ಅಲ್ಲಿ ಮಗನಿಗೂ ಹುಟ್ಟಿನ ಹಕ್ಕಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ಮಗಳ ಪಾಲು ಕರಗುವುದು ಹಕ್ಕುಬಿಡುಗಡೆ ಪತ್ರದಲ್ಲಿ. ತವರಿನ ನಂಟು ಕಡಿಯಬಾರದೆಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವಳು ಮುಂದೆ ಅದನ್ನು ರದ್ದು ಮಾಡಿಸಬೇಕಾದರೆ ಮೋಸವನ್ನೋ ಒತ್ತಾಯವನ್ನೋ ತಾನೇ ರುಜುವಾತುಪಡಿಸಬೇಕು, ಅದೂ ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಿ. ಹಕ್ಕು ಕೊಡುವ ಕೆಲಸ ಕಾನೂನು ಮುಗಿಸಿದೆ. ಸಹಿಗೆ ಮುಂಚೆ ಆ ಪತ್ರವನ್ನು ಅವಳಿಗೆ ಓದಿ ಹೇಳುವ ಕೆಲಸ ಮನೆಯವರದು, ಬರೆಯುವವರದು.