ಮರಳಿನ ಮೇಲಿನ ಪಾಠ: ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸಿದ ಇತಿಹಾಸ



ಪ್ರಾಥಮಿಕ ಹಂತವನ್ನು ಕನ್ನಡದಲ್ಲಿ ಮುಗಿಸಿ ಪ್ರೌಢಶಾಲೆಗೆ ಬರುವ ಗಡಿನಾಡಿನ ಮಕ್ಕಳಿಗೆ ಮೊದಲ ಕೆಲವು ತಿಂಗಳು ಬಲು ಕಠಿನ. ರಾಜ್ಯಭಾಷೆಯ ಸೂಚನೆಗಳು, ಇಂಗ್ಲಿಷಿನ ಪಾರಿಭಾಷಿಕ ಪದಗಳು, ವಿಷಯಕ್ಕೊಬ್ಬ ಅಧ್ಯಾಪಕರು, ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ಸಂವಿಧಾನದ 350ಎ ವಿಧಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಆ ಹೊಸ್ತಿಲಲ್ಲಿ ಮಗುವಿನ ಕೈ ಹಿಡಿಯಬಲ್ಲವರಲ್ಲಿ ಅದೇ ಮನೆಮಾತಿನ, ಮೇಲಿನ ತರಗತಿಯ ವಿದ್ಯಾರ್ಥಿಯೂ ಒಬ್ಬ. ಈ ಕ್ರಮಕ್ಕೆ ನಮ್ಮ ನೆಲದಲ್ಲಿಯೇ ದೀರ್ಘ ಇತಿಹಾಸವುಂಟು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಘಟ್ಟವೇರಿ ಇಕ್ಕೇರಿಗೆ ಹೋಗುತ್ತಿದ್ದಾಗ, ದೇವಾಲಯವೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಬರೆಯುವುದನ್ನು ಕಂಡನು. ಗುರುಗಳು ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯಲಾರೆವು ಎಂಬರ್ಥದ ಉತ್ತರ ಬಂದಿತಂತೆ.

1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತ ಆಂಡ್ರ್ಯೂ ಬೆಲ್, ದೇಶೀಯ ಶಾಲೆಯ ಮರಳಿನ ಬರಹವನ್ನು ಕಂಡು ಅದನ್ನು ಅಳವಡಿಸಿಕೊಂಡನು. ಕಲಿತ ಹುಡುಗರಿಂದಲೇ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಅಚ್ಚಾದ ಮೇಲೆ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಬಳ್ಳಾರಿಯದು. ಆದವಾನಿ, ರಾಯದುರ್ಗಗಳು ಅಂದು ಆ ಜಿಲ್ಲೆಯವೇ ಆಗಿದ್ದವು. ಗವರ್ನರ್ ಥಾಮಸ್ ಮನ್ರೋ ಆಜ್ಞೆಯಂತೆ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಸಲ್ಲಿಸಿದ ವರದಿಯಲ್ಲಿ 533 ಶಾಲೆಗಳ ಲೆಕ್ಕವಿದೆ: ಕನ್ನಡದವು 235, ತೆಲುಗಿನವು 226. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತ ತಮ್ಮ ಅರಿವನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಅವನು ಮೆಚ್ಚಿದನು. ದೋಷಗಳನ್ನೂ ಮುಚ್ಚಿಡಲಿಲ್ಲ: ಅರ್ಥವರಿಯದ ಕಂಠಪಾಠವೇ ಹೆಚ್ಚು ಎಂದನು, 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಬೇರೆಯದೇ ದಾರಿ ಹಿಡಿಯಿತು. ಒಬ್ಬ ಅಧ್ಯಾಪಕ, ನೂರಾರು ಮಕ್ಕಳು, ನಡುವೆ ಎಳೆಯ ‘ಮಾನಿಟರ್’ಗಳು, ಖರ್ಚು ತಗ್ಗಿತು, ಕಲಿಕೆ ಯಾಂತ್ರಿಕವಾಯಿತು. 1846ರಲ್ಲಿ ಸರ್ಕಾರವೇ ತರಬೇತಿ ಪಡೆಯುವ ಶಿಷ್ಯ-ಶಿಕ್ಷಕರ ವ್ಯವಸ್ಥೆಯನ್ನು ತರಬೇಕಾಯಿತು.

ಈ ಎರಡು ಅನುಭವಗಳ ನಡುವೆ ನಮ್ಮ ಪಾಠವಿದೆ. ಹಿರಿಯ ವಿದ್ಯಾರ್ಥಿ ಗುರುವಿನ ಜೊತೆಗಿದ್ದಾಗ ಊರುಗೋಲು. ಗುರುವಿನ ಬದಲಿಗೆ ನಿಂತಾಗ ಆ ಮಗುವಿಗೂ ಹೊರೆ, ಕಿರಿಯನಿಗೂ ನಷ್ಟ.

ಆದುದರಿಂದ ಮುಂದಿನ ಪೋಷಕರ ಸಭೆಯಲ್ಲಿ ಎರಡು ಮಾತುಗಳನ್ನು ಒಂದೇ ಮನವಿಯಲ್ಲಿ ಬರೆದುಕೊಡಿ. ಹೊಸದಾಗಿ ಸೇರಿದ ಪ್ರತಿಯೊಬ್ಬ ಕನ್ನಡದ ಮಗುವಿಗೂ ಮೇಲಿನ ತರಗತಿಯ ಕನ್ನಡ ಬಲ್ಲ ಸಂಗಾತಿಯೊಬ್ಬರು ಬೇಕು: ಸೂಚನಾಫಲಕವನ್ನು ಓದಿ ಹೇಳಲು, ವಿಜ್ಞಾನದ ಪದಕ್ಕೆ ತಾನು ಕಲಿತ ಕನ್ನಡ ಪದ ಯಾವುದೆಂದು ತಿಳಿಸಲು, ಅಳುಕನ್ನು ಕೇಳಿಸಿಕೊಳ್ಳಲು. ಇದನ್ನು ಒಬ್ಬ ಅಧ್ಯಾಪಕರು ನೋಡಿಕೊಳ್ಳಲಿ. ಎರಡನೆಯದು, ಖಾಲಿ ಇರುವ ಕನ್ನಡ ಅಧ್ಯಾಪಕರ ಹುದ್ದೆ ತುಂಬಬೇಕು. ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದನ್ನು ಕೈಬಿಡದಿರಿ.