ಚೆರೋಕಿ ಲಿಪಿ: ಓದುಬರಹ ಬಾರದವನ ಸೃಷ್ಟಿ

ಓದುಬರಹ ಬಾರದ ವ್ಯಕ್ತಿಯೊಬ್ಬ ತನ್ನ ಭಾಷೆಗೆ ಸಂಪೂರ್ಣ ಲಿಪಿಯೊಂದನ್ನು ರೂಪಿಸಿದ ನಿದರ್ಶನ ಜಗತ್ತಿನ ಚರಿತ್ರೆಯಲ್ಲಿ ಅತಿ ವಿರಳ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಲಿಪಿ ಅಂಥ ಒಂದು ನಿದರ್ಶನ. ಇದರ ಕರ್ತೃ ಸಿಕ್ವೋಯಾ. ವೃತ್ತಿಯಿಂದ ಅಕ್ಕಸಾಲಿಗ. ಇಂಗ್ಲಿಷ್ ಓದಲು ಈತನಿಗೆ ಬರುತ್ತಿರಲಿಲ್ಲ.

ಚೆರೋಕಿಯದು ಉಚ್ಚಾರಾಂಶ ಲಿಪಿ. ಅಂದರೆ ಇಲ್ಲಿ ಒಂದು ಚಿಹ್ನೆ ಒಂದು ಬಿಡಿ ವ್ಯಂಜನವನ್ನಾಗಲೀ ಒಂದು ಇಡೀ ಪದವನ್ನಾಗಲೀ ಸೂಚಿಸದೆ, ‘ಗ’, ‘ಮಿ’, ‘ಲು’ ಮುಂತಾದ ಒಂದು ಉಚ್ಚಾರವನ್ನು ಸೂಚಿಸುತ್ತದೆ. ಹಾಗಾದರೆ ಕನ್ನಡವೂ ಇದೇ ವರ್ಗಕ್ಕೆ ಸೇರಿತಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಕನ್ನಡದ ಕ, ಕಾ, ಕಿ, ಕು ಅಕ್ಷರಗಳಲ್ಲಿ ‘ಕ’ಕಾರದ ಮೂಲರೂಪ ಉಳಿದು, ಸ್ವರಚಿಹ್ನೆ ಮಾತ್ರ ಬದಲಾಗುತ್ತದೆ. ಚೆರೋಕಿಯಲ್ಲಿ ಗ, ಗೆ, ಗಿ, ಗೊ ಚಿಹ್ನೆಗಳಿಗೆ ಪರಸ್ಪರ ಯಾವ ಹೋಲಿಕೆಯೂ ಇಲ್ಲ. ಪ್ರತಿಯೊಂದನ್ನೂ ಪ್ರತ್ಯೇಕವಾಗಿಯೇ ಕಲಿಯಬೇಕು. ಕಾಗುಣಿತವಿಲ್ಲದ ವರ್ಣಮಾಲೆ ಎನ್ನಬಹುದು. ಜಪಾನಿನ ಹಿರಗಾನ ಹಾಗೂ ಕಟಕಾನ, ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ 1830ರ ದಶಕದಲ್ಲಿ ರೂಪುಗೊಂಡ ವಾಯ್ ಲಿಪಿ, 1952ರಲ್ಲಿ ಮೈಕೆಲ್ ವೆಂಟ್ರಿಸ್ ಭೇದಿಸಿದ ಪ್ರಾಚೀನ ಗ್ರೀಸಿನ ‘ಲೀನಿಯರ್ ಬಿ’ ಇವೆಲ್ಲ ಇದೇ ಪಂಗಡಕ್ಕೆ ಸೇರುತ್ತವೆ.

ಬಿಳಿಯರು ಕಾಗದದ ಮೇಲೆ ಬರೆದು ದೂರದವರೊಡನೆ ಸಂವಹನ ನಡೆಸುವುದನ್ನು ಕಂಡ ಸಿಕ್ವೋಯಾ 1809ರ ಸುಮಾರಿಗೆ ತನ್ನ ಪ್ರಯತ್ನವನ್ನು ಆರಂಭಿಸಿದ. ಮೊದಲು ಪ್ರತಿ ಪದಕ್ಕೊಂದು ಚಿಹ್ನೆ ರಚಿಸಲು ಹೊರಟವನಿಗೆ ಅದು ಮುಗಿಯದ ಕಾರ್ಯವೆಂಬ ಅರಿವಾಯಿತು. ಬಳಿಕ ಪದಗಳನ್ನು ಒಡೆದು, ಮರುಕಳಿಸುವ ಉಚ್ಚಾರಗಳನ್ನು ಗುರುತಿಸಿ, 1821ರ ವೇಳೆಗೆ 86 ಚಿಹ್ನೆಗಳ ವ್ಯವಸ್ಥೆಯನ್ನು ಪೂರ್ಣಗೊಳಿಸಿದ. ಮುಂದೆ ಒಂದು ಚಿಹ್ನೆ ಬಳಕೆ ತಪ್ಪಿ 85 ಉಳಿದವು. ಇವುಗಳಲ್ಲಿ ‘ಸ್’ ಎಂಬ ಒಂದು ಮಾತ್ರ ಸ್ವರರಹಿತ ವ್ಯಂಜನವೆಂಬುದು ಗಮನಾರ್ಹ.

ಕೆಲವು ಚಿಹ್ನೆಗಳ ಆಕಾರ ರೋಮನ್ ಅಕ್ಷರಗಳದು, ಉಚ್ಚಾರ ಮಾತ್ರ ಬೇರೆ. ಇಂಗ್ಲಿಷಿನ ‘ಡಿ’ಯಂತೆ ಕಾಣುವುದನ್ನು ‘ಅ’ ಎಂದೂ, ‘ಡಬ್ಲ್ಯು’ವಿನಂತಿರುವುದನ್ನು ‘ಲ’ ಎಂದೂ, ‘ಎಚ್’ನಂತಿರುವುದನ್ನು ‘ಮಿ’ ಎಂದೂ ಓದಬೇಕು. ಇಂಗ್ಲಿಷ್ ಬಲ್ಲವರಿಗೇ ಇದು ತೊಡಕು!

ಈ ಲಿಪಿಯನ್ನು ಮೊದಲು ಕಲಿತವಳು ಸಿಕ್ವೋಯಾನ ಪುಟ್ಟ ಮಗಳು ಅಯೋಕಾ. ತಂದೆ ಇನ್ನೊಂದೆಡೆ ಬರೆದುಕೊಂಡದ್ದನ್ನು ಆಕೆ ತಪ್ಪಿಲ್ಲದೆ ಓದಿ ತೋರಿಸಿದ ಮೇಲೆಯೇ ಹಿರಿಯರ ಸಂಶಯ ನಿವಾರಣೆಯಾಯಿತು ಎಂಬುದು ಪ್ರಚಲಿತ ವೃತ್ತಾಂತ. 1825ರಲ್ಲಿ ಚೆರೋಕಿ ರಾಷ್ಟ್ರ ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. ಅಚ್ಚಿನ ಮೊಳೆಗಳು ಬೋಸ್ಟನ್‌ನಲ್ಲಿ ಸಿದ್ಧಗೊಂಡವು. 1828ರ ಫೆಬ್ರುವರಿ 21ರಂದು ಜಾರ್ಜಿಯಾದ ನ್ಯೂ ಎಚೋಟಾದಿಂದ, ಇಲಯಸ್ ಬೂಡಿನೋ ಸಂಪಾದಕತ್ವದಲ್ಲಿ, ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಚೆರೋಕಿ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಹೊರಬಂದಿತು. ಲಿಪಿ ಹುಟ್ಟಿ ಏಳೇ ವರ್ಷಕ್ಕೆ ಪತ್ರಿಕೆ!

ಆದರೆ ಅಕ್ಷರಬಲ ನೆಲವನ್ನು ಉಳಿಸಿಕೊಡಲಿಲ್ಲ. ಪತ್ರಿಕೆ 1834ರಲ್ಲಿ ನಿಂತಿತು. ಮರುವರ್ಷ ಜಾರ್ಜಿಯಾದ ಕಾವಲು ಪಡೆ ಮುದ್ರಣಯಂತ್ರವನ್ನೇ ವಶಪಡಿಸಿಕೊಂಡಿತು. 1838-39ರಲ್ಲಿ ಸುಮಾರು 16 ಸಾವಿರ ಚೆರೋಕಿಗಳನ್ನು ಇಂದಿನ ಒಕ್ಲಹಾಮಾದತ್ತ ಬಲವಂತವಾಗಿ ಅಟ್ಟಲಾಯಿತು. ‘ಕಣ್ಣೀರ ಹಾದಿ’ ಎಂದು ಕರೆಯಲಾಗುವ ಈ ಪಯಣದ ಅವಧಿಯಲ್ಲಿ ಅಂದಾಜು 4 ಸಾವಿರ ಮಂದಿ ಅಸುನೀಗಿದರು. ಸಿಕ್ವೋಯಾ 1843ರಲ್ಲಿ ಮೆಕ್ಸಿಕೋದಲ್ಲಿ ನಿಧನನಾದ.

ತಂತ್ರಜ್ಞಾನದ ದೃಷ್ಟಿಯಿಂದ ಈ ಲಿಪಿ ಇಂದು ಅನಾಥವಲ್ಲ. 1999ರಲ್ಲಿ ಯುನಿಕೋಡ್‌ಗೆ ಸೇರ್ಪಡೆಯಾಯಿತು, 2010ರಲ್ಲಿ ಐಫೋನ್‌ಗೂ ಬಂತು. ಸಮಸ್ಯೆ ಇರುವುದು ಆಡುವವರಲ್ಲಿ. ಚೆರೋಕಿ ರಾಷ್ಟ್ರವೊಂದರ ಸದಸ್ಯರೇ ನಾಲ್ಕು ಲಕ್ಷಕ್ಕೂ ಅಧಿಕವಿದ್ದರೂ, 2019ರಲ್ಲಿ ಮೂರೂ ಚೆರೋಕಿ ಪಂಗಡಗಳು ಕೂಡಿ ಭಾಷಾ ತುರ್ತುಸ್ಥಿತಿ ಘೋಷಿಸಿದಾಗ ನಿರರ್ಗಳವಾಗಿ ಮಾತನಾಡಬಲ್ಲವರು ಸುಮಾರು 2 ಸಾವಿರ ಮಾತ್ರ ಎಂದು ಅಂದಾಜಿಸಲಾಗಿತ್ತು. ಅವರಲ್ಲೂ ಹೆಚ್ಚಿನವರು ವಯೋವೃದ್ಧರು. ಒಕ್ಲಹಾಮಾದ ತಾಹ್ಲೆಕ್ವಾ ಪಟ್ಟಣದ ಬೀದಿ ಫಲಕಗಳಲ್ಲಿ ಇಂಗ್ಲಿಷಿನ ಜತೆಗೆ ಸಿಕ್ವೋಯಾನ ಅಕ್ಷರಗಳಿವೆ. ಅದೇ ಊರಿನಲ್ಲಿ 2001ರಲ್ಲಿ ಆರಂಭವಾದ ಚೆರೋಕಿ ಮಾಧ್ಯಮದ ಶಾಲೆಯಲ್ಲಿ ಮಕ್ಕಳಿಗೆ ಆ ಅಕ್ಷರಗಳಲ್ಲೇ ಓದುಬರಹ ಕಲಿಸಲಾಗುತ್ತಿದೆ.